ದೆವ್ವ ಇದೆ ಅಂದ ಮನೆ

(ಲಗ್ಗೆರೆಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹೋದ ವಾರ ನೀವೆಲ್ಲ ಸ್ಲೇಟಿನ ಮೇಲೆ ‘ನಾಳೆ ಬಾ’ ಎಂದು ಬರೆದಿರಿ. ಎರಡೇ ಪದ. ಬರೆಯುವಾಗ ಹಿರಿಯರು ಕೆಲವರು ನಕ್ಕರು. ಯಾಕೆ ಅಂತ ಚಿಕ್ಕವರಿಗೆ ಗೊತ್ತಾಗಲಿಲ್ಲ.

1990ರ ದಶಕದಲ್ಲಿ ಬೆಂಗಳೂರಿನಲ್ಲೂ ಹಳ್ಳಿಗಳಲ್ಲೂ ಒಂದು ಸುದ್ದಿ ಹಬ್ಬಿತ್ತು. ರಾತ್ರಿ ಹೆಣ್ಣು ದೆವ್ವವೊಂದು ಬಂದು ಬಾಗಿಲು ತಟ್ಟುತ್ತದಂತೆ. ಮನೆಯವರ ದನಿಯಲ್ಲೇ ಕರೆಯುತ್ತದಂತೆ. ಬಾಗಿಲು ತೆಗೆದರೆ ಸಾವಂತೆ. ಜನ ಒಂದು ಉಪಾಯ ಮಾಡಿದರು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಅದನ್ನು ಓದಿ ಹಿಂದಕ್ಕೆ ಹೋಗುತ್ತದೆ. ಮರುದಿನ ಬಂದು ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ನೋಡಿ, ದೆವ್ವಕ್ಕೂ ಅಕ್ಷರ ಬರುತ್ತಿತ್ತು! ಬಾಗಿಲ ಒಳಗಿದ್ದ ಎಷ್ಟೋ ತಾಯಂದಿರಿಗೆ ಬರುತ್ತಿರಲಿಲ್ಲ.

ಕಂಡವರು ಯಾರು ಅಂತ ಕೇಳಿದರೆ, “ನಾನಲ್ಲಪ್ಪ, ಪಕ್ಕದ ಬೀದಿಯವರು” ಅನ್ನುತ್ತಾರೆ. ಪಕ್ಕದ ಬೀದಿಗೆ ಹೋದರೆ ಅವರು ಅದರಾಚೆ ಬೀದಿ ತೋರಿಸುತ್ತಾರೆ. ಇಂಥ ಸುದ್ದಿಗಳೆಲ್ಲ ಹೀಗೇ.

ಹೋಗಿ ನೋಡಿದವರೂ ಇದ್ದಾರೆ. ಡಾ. ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷೆ ಮಾಡಲು ಒಂದು ಸಮಿತಿಯನ್ನೇ ಮಾಡಿದರು. ಅಬ್ರಹಾಂ ಕೋವೂರ್ ಅಂತ ಇನ್ನೊಬ್ಬರು. ಕೇರಳದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ಮೇಷ್ಟರಾಗಿದ್ದವರು. ಕಲ್ಲು ಬೀಳುವ, ಬಟ್ಟೆಗೆ ಬೆಂಕಿ ಹತ್ತುವ ಮನೆಗಳಿಗೆ ಹೋಗಿ ಮನೆಯವರನ್ನೆಲ್ಲ ಮಾತಾಡಿಸುತ್ತಿದ್ದರು. ಕಲ್ಲು ಎಸೆದ ಕೈ ಮನೆಯೊಳಗಿನದೇ ಆಗಿರುತ್ತಿತ್ತು. ಬಾಯಿಬಿಟ್ಟು ಹೇಳಲಾಗದ ಸಂಕಟ ಇದ್ದವರ ಕೈ ಅದು. ನಮ್ಮ ಬೀದರ್, ಕಲಬುರಗಿ ಕಡೆ ಇದನ್ನೇ ಭಾನಾಮತಿ ಅನ್ನುತ್ತಾರೆ.

ಈಗ ನಮ್ಮ ಹತ್ತಿರದ ಒಂದು ಬೀದಿಯ ವಿಷಯ. ಒಬ್ಬ ಅಜ್ಜಿಗೆ ಎರಡು ಶೀಟಿನ ಮನೆ. ಒಂದರಲ್ಲಿ ಅವರು, ಇನ್ನೊಂದು ಬಾಡಿಗೆಗೆ. ಬಾಡಿಗೆಯೇ ಅವರ ಅನ್ನ. ಬಂದವರು ಎರಡು ತಿಂಗಳು ನಿಲ್ಲುತ್ತಿರಲಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯೊಬ್ಬಳು, “ಬಚ್ಚಲಲ್ಲಿ ಯಾರೋ ಕೈ ಹಿಡಿದು ಎಳೀತಾರೆ” ಅಂತ ಚೀರಿಕೊಂಡು ಓಡಿ ಬಂದಳು. ಅಜ್ಜಿ ಓಲೆ ಅಡವಿಟ್ಟು ಮಂತ್ರವಾದಿಯನ್ನು ಕರೆಸಿದರು. ಅವನು ನಿಂಬೆಹಣ್ಣು ಕಟ್ಟಿ ಹೋದ. ಎಳೆಯುವುದು ನಿಲ್ಲಲಿಲ್ಲ.

ನಾವು ನಾಲ್ಕು ಜನ ಹೋದೆವು. ಇದ್ದವರನ್ನೂ ಬಿಟ್ಟು ಹೋದವರನ್ನೂ ಕೇಳಿದೆವು. ಯಾವ ಹೊತ್ತಿನಲ್ಲಿ? ಯಾವ ಜಾಗದಲ್ಲಿ? ಕೈ ಒದ್ದೆ ಇತ್ತೇ? ಕಾಲಲ್ಲಿ ಚಪ್ಪಲಿ ಇತ್ತೇ? ಎಲ್ಲರದೂ ಒಂದೇ ಉತ್ತರ. ಸ್ನಾನದ ಹೊತ್ತು, ಒದ್ದೆ ಕೈ, ಬರಿಗಾಲು, ನಲ್ಲಿ ತಿರುಗಿಸುವಾಗ. ಮಳೆಗಾಲದಲ್ಲಿ ಜಾಸ್ತಿ. ಎಲೆಕ್ಟ್ರಿಷಿಯನ್ ಬಂದು ನಲ್ಲಿಗೆ ಟೆಸ್ಟರ್ ಹಿಡಿದ. ಟೆಸ್ಟರ್ ದೀಪ ಹತ್ತಿಕೊಂಡಿತು! ಗೋಡೆಯೊಳಗೆ ವೈರಿನ ಸಿಪ್ಪೆ ಕಿತ್ತುಹೋಗಿ ಕಬ್ಬಿಣದ ಪೈಪಿಗೆ ತಗುಲಿತ್ತು. ಕರೆಂಟು ಹೊಡೆದರೆ ಕೈ ಬಿಗಿದುಕೊಳ್ಳುತ್ತದೆ, ಬಿಡಿಸಿಕೊಳ್ಳಲು ಆಗುವುದಿಲ್ಲ. ಯಾರೋ ಹಿಡಿದ ಹಾಗೆ ಅನ್ನಿಸುವುದು ಅದಕ್ಕೇ. ಆ ಬಚ್ಚಲಲ್ಲಿ ಮಕ್ಕಳೂ ಸ್ನಾನ ಮಾಡುತ್ತಿದ್ದರು. ವೈರು ಬದಲಾಯಿಸಿ ಅರ್ಥಿಂಗ್ ಹಾಕಿಸಿದ್ದಕ್ಕೆ ಆದ ಖರ್ಚು, ಮಂತ್ರವಾದಿ ತೆಗೆದುಕೊಂಡದ್ದರ ಅರ್ಧವೂ ಇಲ್ಲ.

ಇನ್ನೊಂದು ಮಾತು. “ರಾತ್ರಿ ಎದೆ ಮೇಲೆ ಯಾರೋ ಕೂತ ಹಾಗಾಗುತ್ತೆ, ಕೂಗೋಕೂ ಆಗಲ್ಲ” ಅಂತ ಇಲ್ಲೇ ಒಬ್ಬರು ಹೇಳಿದರು. ಕನಸು ಕಾಣುವಾಗ ನಮ್ಮ ಮೈ ಅಲುಗಾಡದ ಹಾಗೆ ಸಡಿಲವಾಗಿರುತ್ತದೆ. ಕೆಲವು ಸಲ ಮನಸ್ಸು ಮೊದಲು ಏಳುತ್ತದೆ, ಮೈ ಇನ್ನೂ ಎದ್ದಿರುವುದಿಲ್ಲ. ಆಗ ಹಾಗಾಗುತ್ತದೆ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ನಿದ್ದೆಗೆಟ್ಟವರಿಗೆ, ಶಿಫ್ಟ್ ಬದಲಾಗುವವರಿಗೆ ಇದು ಹೆಚ್ಚು.

ಅಮೆರಿಕದಲ್ಲಿ ಒಂದು ಮನೆಯವರಿಗೆ ರಾತ್ರಿ ಹೆಜ್ಜೆ ಸಪ್ಪಳ ಕೇಳುತ್ತಿತ್ತು, ಆಕಾರಗಳು ಕಾಣುತ್ತಿದ್ದವು, ತಲೆನೋವು ಬೇರೆ. ಮನೆ ಬೆಚ್ಚಗಿಡುವ ಒಲೆ ಕೆಟ್ಟು, ವಿಷದ ಹೊಗೆ ಮನೆಯೊಳಗೇ ತುಂಬುತ್ತಿತ್ತು. ವೈದ್ಯರೊಬ್ಬರು ಇದನ್ನು 1921ರಲ್ಲಿ ಬರೆದರು. ಈ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಚಳಿ ಅಂತ ಬಾಗಿಲು ಹಾಕಿಕೊಂಡು ಇದ್ದಿಲು ಕೆಂಡ ಇಟ್ಟು ಮಲಗಬೇಡಿ. ಜೀವವೇ ಹೋಗುತ್ತದೆ.

ದೆವ್ವ ಮೆಟ್ಟಿಕೊಂಡಿದೆ ಅಂತ ಸೊಸೆಯನ್ನು, ಮಗಳನ್ನು ಕಟ್ಟಿಹಾಕಿ ಹೊಡೆದರೆ ಅದು ಅಪರಾಧ. ಇದಕ್ಕೆ ನಮ್ಮ ರಾಜ್ಯದಲ್ಲಿ 2017ರ ಕಾಯ್ದೆ ಇದೆ. 2020ರ ಜನವರಿಯಿಂದ ಜಾರಿಯಲ್ಲಿದೆ. ಪೊಲೀಸರಿಗೆ ಹೇಳಬಹುದು. ಕಾಯಿಲೆಗೆ ಚಿಕಿತ್ಸೆ ನಿಮ್ಹಾನ್ಸ್ ಆಸ್ಪತ್ರೆಯಲ್ಲಿದೆ.

ಪೀಣ್ಯದಿಂದ ರಾತ್ರಿ ಶಿಫ್ಟ್ ಮುಗಿಸಿ ಬರುವವರು ಖಾಲಿ ಶೆಡ್ಡಿನ ದಾರಿ ಬಿಟ್ಟು ಸುತ್ತಿ ಬರುತ್ತೀರಂತೆ. ಅಲ್ಲಿ ಮೋಹಿನಿ ಇದ್ದಾಳಂತೆ. ಮೋಹಿನಿ ಇರಲಿ ಬಿಡಲಿ, ಅಲ್ಲಿ ಬೀದಿ ದೀಪ ಇಲ್ಲ. ಕುಡಿದವರು ಕೂತಿರುತ್ತಾರೆ. ಒಬ್ಬರೇ ಹೋಗಿ ಪರೀಕ್ಷೆ ಮಾಡಬೇಡಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಸೇರಿ ಹೋಗೋಣ. ನೋಡಿಕೊಂಡು ಬಂದು ದೀಪ ಹಾಕಿಸಿ ಅಂತ ಅರ್ಜಿ ಬರೆಯೋಣ. ಪೆನ್ನು ತನ್ನಿ. ಹೆಬ್ಬೆಟ್ಟಿನ ಶಾಯಿ ಡಬ್ಬಿ ನಾನು ತರುವುದಿಲ್ಲ.