ಗೋಡೆಯ ಹಳೆಯ ಬಣ್ಣ



ಹಬ್ಬವು ಸಮೀಪಿಸಿತೆಂದರೆ ನಮ್ಮಲ್ಲಿ ಗೋಡೆಗಳ ಹಳೆಯ ಬಣ್ಣವನ್ನು ಕೆರೆಯುವ ಕೆಲಸ ಮೊದಲಾಗುವುದು. ಇದೇನು ವಿಚಾರ ಮಾಡತಕ್ಕ ವಿಷಯವೇ ಎಂದು ತಾವು ಕೇಳಬಹುದು. ಶ್ರೀರಂಗಪಟ್ಟಣದ ಒಂದು ಗೋಡೆಯ ಕಥೆಯನ್ನು ಕೇಳಿದರೆ ಹೌದೆಂದು ತಾವೇ ಒಪ್ಪುವಿರಿ.

1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯನ್ನು ತಮ್ಮಲ್ಲಿ ಅನೇಕರು ನೋಡಿರುವಿರಷ್ಟೆ. 1780ರಲ್ಲಿ ಪೊಲ್ಲಿಲೂರಿನ ಬಳಿ ಹೈದರನೂ ಟಿಪ್ಪುವೂ ಕರ್ನಲ್ ಬೇಲಿಯ ಸೈನ್ಯವನ್ನು ಮುರಿದ ಯುದ್ಧವು ಅಲ್ಲಿ ಚಿತ್ರಿತವಾಗಿದೆ. 1799ರ ಮುತ್ತಿಗೆಗೆ ಮೊದಲೇ ಈ ಚಿತ್ರವು ಕೆಡಿಸಲ್ಪಟ್ಟಿತ್ತು. ಬಳಿಕ ಆ ಮಹಲಿನಲ್ಲಿ ವಾಸಿಸಿದ ಕರ್ನಲ್ ವೆಲ್ಲೆಸ್ಲಿಯು ಅದನ್ನು ಸರಿಪಡಿಸಿದನು. ಮುಂದೆ ಅದರ ಮೇಲೆ ಸುಣ್ಣ ಬಿದ್ದಿತು. ಗವರ್ನರ್ ಜನರಲ್ ಡಾಲ್‌ಹೌಸಿಯು ಈ ಸೀಮೆಗೆ ಬಂದಾಗ, ಮೂಲಚಿತ್ರದ ನೆನಪಿದ್ದ ದೇಶೀಯ ಚಿತ್ರಕಾರನೊಬ್ಬನಿಂದ ಅದನ್ನು ಮರಳಿ ಬರೆಯಿಸಿದನೆಂದು ಹೇಳುವರು. ಆ ಗೋಡೆಗೆ ಅಂಥವನೊಬ್ಬನು ದೊರೆತನು. ನಮ್ಮ ಮನೆಗಳ ಗೋಡೆಗಳಿಗೆ ದೊರೆಯುವವರು ಯಾರು?

ಪಾಂಡವಪುರದಲ್ಲಿ ನಮ್ಮ ಸೋದರಮಾವನವರ ಹಳೆಯ ಮನೆಯುಂಟು. ಜಗಲಿಯ ಇಟ್ಟಿಗೆಯ ಗೋಡೆಗೆ ಬಳಿದಿದ್ದ ಎಣ್ಣೆಬಣ್ಣವು ಹೊಪ್ಪಳೆಯೆದ್ದಿತ್ತು. ಅದನ್ನು ತೆಗೆದು ಕೆಂಪು ಇಟ್ಟಿಗೆ ಕಾಣುವಂತೆ ಮಾಡಿದರೆ ಅಂದವೆಂದು ನಾನೇ ಹಟ ಹಿಡಿದು, ಆಸಿಡ್ಡನ್ನೂ ತಂತಿಯ ಬ್ರಷ್ಷನ್ನೂ ತರಿಸಿದೆನು. ಕೆಲಸದವನು ಉಜ್ಜುತ್ತಿದ್ದಾಗ, ಅಡಿಯ ಸುಣ್ಣದ ಮೇಲೆ ಕೆಮ್ಮಣ್ಣಿನ ಕಾರಣೆಯ ಗೆರೆಗಳು ಒಂದು ಕ್ಷಣ ಮೂಡಿದವು. ಅವು ನಮ್ಮ ಅಜ್ಜಿಯ ಕೈಯವು. ನಿಲ್ಲಿಸೆಂದು ನಾನು ಕೂಗುವಷ್ಟರಲ್ಲಿ ಅವು ಅಳಿದಿದ್ದವು. ಎರಡು ಮಳೆಗಾಲ ಕಳೆಯುವುದರೊಳಗೆ ಇಟ್ಟಿಗೆಯೂ ರವೆಯಂತೆ ಉದುರತೊಡಗಿತು. “ನೀನು ಓದಿದವನಪ್ಪಾ, ಎದುರಾಡಲಿಲ್ಲ. ಆ ಬಣ್ಣ ಇನ್ನಷ್ಟು ದಿನ ಇದ್ದಿದ್ದರೆ ಯಾರಿಗೇನು ನಷ್ಟವಾಗುತ್ತಿತ್ತು?” ಎಂದರು ಮಾವನವರು. ನನ್ನಲ್ಲಿ ಉತ್ತರವಿರಲಿಲ್ಲ.

ಕಾರಣವನ್ನು ನಾನು ಆಮೇಲೆ ತಿಳಿದೆನು. ಗೂಡಿನಲ್ಲಿ ಬೆಂದ ಇಟ್ಟಿಗೆಯ ಹೊರಮೈ ಗಟ್ಟಿ, ಒಳಗು ಮೃದು. ಆ ಹೊರಮೈಯನ್ನು ಕೆರೆದರೆ ಮಳೆಯ ನೀರು ಒಳಹೊಗುವುದು. ಆಸಿಡ್ಡು ಸಂದಿನ ಸುಣ್ಣದ ಗಾರೆಯನ್ನೇ ತಿನ್ನುವುದು. ಬಣ್ಣವು ಹೊಪ್ಪಳೆಯೇಳುವುದಕ್ಕೂ ಸಾಮಾನ್ಯವಾಗಿ ನೀರೇ ಕಾರಣ. ಸುಣ್ಣವು ಗೋಡೆಯ ತೇವವನ್ನು ಹೊರಬಿಡುವುದು, ಎಣ್ಣೆಬಣ್ಣವು ತಡೆಯುವುದು. ತಡೆದ ತೇವವೂ ಅದರೊಡನೆ ಬಂದ ಉಪ್ಪೂ ಬಣ್ಣವನ್ನು ಹಿಂದಿನಿಂದ ನೂಕುವುವು. ಆದುದರಿಂದ ಮೊದಲು ಸೋರುವ ಹೆಂಚನ್ನು ಸರಿಪಡಿಸಬೇಕು. ಬಣ್ಣದ ಮಾತು ಆಮೇಲೆ.

ಕೃಷ್ಣರಾಜಪೇಟೆ, ನಾಗಮಂಗಲದ ಕಡೆಗಳಲ್ಲಿ ಹಿರಿಯರ ಮನೆಗಳನ್ನು ಉಳಿಸಿಕೊಂಡಿರುವವರಿಗೆ ನನ್ನ ಬಿನ್ನಹವಿಷ್ಟೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ಮೊದಲು ಪರೀಕ್ಷಿಸಿರಿ. ಸಡಿಲವಾದ ಸುಣ್ಣವನ್ನು ನೀರು ಚಿಮುಕಿಸಿ ಮರದ ಚಕ್ಕೆಯಿಂದ ಮೆಲ್ಲನೆ ಎಬ್ಬಿಸಿರಿ. ಎಣ್ಣೆಬಣ್ಣಕ್ಕೆ, ಅದನ್ನು ಮೆತ್ತಗೆ ಮಾಡುವ ಲೇಪವನ್ನು ಹಚ್ಚಿ, ಕಾದು, ತೆಗೆದು, ಚೆನ್ನಾಗಿ ತೊಳೆಯಿರಿ. ಮರಳನ್ನು ರಭಸದಿಂದ ಊದುವ ಯಂತ್ರವನ್ನು ಹತ್ತಿರ ಬಿಡಬೇಡಿರಿ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಬೇಡಿರಿ, ಅದರಲ್ಲಿ ಸೀಸವಿರಬಹುದು. ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂಬ ನಿಯಮವು ನಮ್ಮಲ್ಲಿ ಬಂದುದು 2016ರಲ್ಲಿ. ಅದಕ್ಕೆ ಹಿಂದಿನ ಬಣ್ಣದ ಧೂಳು ಮಕ್ಕಳಿಗೆ ವಿಷ. ಭದ್ರವಾಗಿ ಅಂಟಿರುವ ಬಣ್ಣವನ್ನು ಇದ್ದಂತೆಯೇ ಬಿಡುವುದೂ ಒಂದು ವಿವೇಕ.

ಕೆರೆಯುವಾಗ ಒಂದು ಗೆರೆಯೋ ಬೇರೊಂದು ಬಣ್ಣವೋ ಕಂಡರೆ ಕೈಯನ್ನು ನಿಲ್ಲಿಸಿರಿ. ಮನೆಯ ಹಿರಿಯರನ್ನು ಕರೆದು ತೋರಿಸಿರಿ. ಅದು ಯಾರ ಕೈಯ ಗೆರೆಯೆಂದು ಹೇಳಬಲ್ಲವರು ಅವರಲ್ಲಿ ಇನ್ನೂ ಒಬ್ಬರಾದರೂ ಇದ್ದಾರು.