ಹೊಲಿದ ದೋಣಿ, ಕಟ್ಟಬೇಕಾದ ಗ್ರಂಥಾಲಯ



ಕಡಲಗಾಳಿ ಸೋಂಕದ ಈ ಹೈದರಾಬಾದಿನಲ್ಲಿ ನೌಕಾಪರಂಪರೆಯಿಂದ ಸ್ಫೂರ್ತಿಗೊಂಡ ಸಾರ್ವಜನಿಕ ಗ್ರಂಥಾಲಯವೊಂದನ್ನು ಕಟ್ಟುವ ವಿಚಾರಕ್ಕಾಗಿ ಸಂಕಿರಣವನ್ನೇ ಏರ್ಪಡಿಸಿರುವಿರೆಂದು ತಿಳಿದಾಗ ನನಗೆ ಮೊದಲು ನಗು ಬಂದಿತು. ಆದರೆ ಗೋಲ್ಕೊಂಡದ ಅರಸರಿಗೆ ಇಲ್ಲಿಂದ 300 ಕಿಲೋಮೀಟರಿಗೂ ಆಚೆ ಮಛಲೀಪಟ್ಟಣವೆಂಬ ಬಂದರೊಂದಿದ್ದಿತೆಂಬುದನ್ನೂ, 1611ರಲ್ಲಿ ಇಂಗ್ಲಿಷರು ಅಲ್ಲಿಗೆ ಬರುವುದಕ್ಕೆ ಮೊದಲೇ ಡಚ್ಚರು ವ್ಯಾಪಾರದ ಕೋಠಿ ತೆರೆದಿದ್ದರೆಂಬುದನ್ನೂ, ಕಲಂಕಾರಿ ವಸ್ತ್ರಗಳು ಆ ಮಾರ್ಗವಾಗಿ ಪರ್ಷಿಯಾದವರೆಗೂ ಸಾಗಿದುವೆಂಬುದನ್ನೂ ನೆನೆದೊಡನೆ ಆ ನಗು ಅಡಗಿತು.

ಹಡಗಿನ ಆಕಾರದ ಕಟ್ಟಡವೇ ನೌಕಾಪರಂಪರೆಯಲ್ಲ. ಮುಖಮಂಟಪಕ್ಕೊಂದು ಸಿಮೆಂಟಿನ ಹಾಯಿ, ಗೋಡೆಗೆ ದುಂಡು ಕಿಟಕಿ, ಮೆಟ್ಟಿಲ ಬದಿಗೊಂದು ತುಕ್ಕುಹಿಡಿದ ಲಂಗರು, ಇವೆಲ್ಲ ಮದುವೆಮನೆಯ ಚಪ್ಪರದ ಸಿಂಗಾರ. ಪರಂಪರೆಯನ್ನು ಕಾಣಬೇಕಾದರೆ ಮಸೂಲಾ ದೋಣಿಯನ್ನು ನೋಡಬೇಕು. ಕೋರಮಂಡಲ ತೀರದಲ್ಲಿ ಹಡಗುಗಳು ದೂರದಲ್ಲಿಯೇ ಲಂಗರು ಹಾಕುತ್ತಿದ್ದುದರಿಂದ, ಮೊರೆವ ಅಲೆಗಳನ್ನು ದಾಟಿ ಸರಕನ್ನು ದಡಕ್ಕೆ ತರುವ ಹೊಣೆ ಈ ದೋಣಿಗಳದು. ಅವುಗಳ ಹಲಗೆಗಳನ್ನು ಕಬ್ಬಿಣದ ಮೊಳೆಯಿಂದ ಜಡಿಯದೆ, ಅಂಚಿನುದ್ದಕ್ಕೂ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಅಲೆ ಅಪ್ಪಳಿಸಿದಾಗ ಮೊಳೆಯ ದೋಣಿ ಬಿರಿದೀತು, ಹೊಲಿದ ದೋಣಿ ಬಾಗಿ ಉಳಿದೀತು; ಹುರಿ ಸವೆದರೆ ಬಿಚ್ಚಿ ಮರಳಿ ಹೊಲಿಯಬಹುದು. ನಮ್ಮ ಗ್ರಂಥಾಲಯವೂ ಹಾಗಿರಲಿ. ಅದರ ಕಪಾಟು, ಅಡ್ಡಗೋಡೆ, ವಿದ್ಯುತ್ತಂತಿಗಳನ್ನು ನಾಳಿನವರು ಬಿಚ್ಚಿ ಮರುಹೊಂದಿಸಿಕೊಳ್ಳುವಂತಿರಲಿ.

ನೀರು ಬಂಧುವೂ ಹೌದು, ವೈರಿಯೂ ಹೌದು. 1908ರ ಸೆಪ್ಟೆಂಬರ್ 28ರಂದು ಈ ನಗರದ ಮೂಸಿ ನದಿ ಉಕ್ಕಿ ಸಹಸ್ರಾರು ಜನರನ್ನು ಕೊಂಡೊಯ್ದಾಗ ಅಫ್ಜಲ್‌ಗಂಜಿನ ಹುಣಿಸೆಮರವನ್ನೇರಿ ನೂರಕ್ಕೂ ಹೆಚ್ಚು ಮಂದಿ ಜೀವ ಉಳಿಸಿಕೊಂಡರು. ಆ ಮರ ಇಂದಿಗೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ನೆರೆಯ ತಡೆಗೆ ಉಪಾಯ ಹೇಳಲು ಬಂದವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಅವರ ಸಲಹೆಯಂತೆ ಕಟ್ಟಿದ ಉಸ್ಮಾನ್ ಸಾಗರ ಜಲಾಶಯ 1920ರಲ್ಲಿ ಮುಗಿಯಿತು. 1891ರಲ್ಲಿ ಆರಂಭವಾದ ಆಸಫಿಯಾ ಗ್ರಂಥಾಲಯ 1936ರಲ್ಲಿ ಅದೇ ಮೂಸಿಯ ದಡದ ಭವ್ಯ ಭವನಕ್ಕೆ ಬಂದುದು ಈ ಜಲಾಶಯವನ್ನು ನಂಬಿಯೇ ಇರಬೇಕೆಂದು ನಾನು ಊಹಿಸುತ್ತೇನೆ.

ಬೇರೊಂದೂರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ನಾನು ಒಮ್ಮೆ ಕಂಡ ನೋಟವನ್ನು ಮರೆಯಲಾರೆ. ಒಂದು ಮಳೆಗಾಲದ ನೀರು ಇಂಗಿದ ಬಳಿಕ, ಫ್ಯಾನಿನ ಕೆಳಗೆ ಹರವಿದ್ದ ಸಂಪುಟಗಳ ಹಾಳೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಗಳಾಗಿದ್ದುವು. ಬೆರಳಿಟ್ಟರೆ ಅಕ್ಷರವೇ ಮೆತ್ತಿಕೊಳ್ಳುತ್ತಿತ್ತು. ಹಡಗಿನವರು ಸರಕಿನ ಅಡಿಗೆ ಮರದ ತುಂಡುಗಳನ್ನು ಹಾಸಿ, ತಳದ ನೀರು ತಾಗದಂತೆ ಎತ್ತರಿಸಿ, ಗಾಳಿಯಾಡಲು ಎಡೆಬಿಡುತ್ತಿದ್ದರು. ಪುಸ್ತಕವೂ ದೂರದಿಂದ ಬಂದ ಸರಕೇ ಅಲ್ಲವೆ?

ಮಧ್ಯಾಹ್ನದ ಗೋಷ್ಠಿಗೆ ನೀವು ತಂದಿರುವ ನಕ್ಷೆಗಳಲ್ಲಿ ಹಸ್ತಪ್ರತಿ ಭಂಡಾರವು ನೆಲಮಾಳಿಗೆಯಲ್ಲಿದ್ದರೆ, ಹಾಯಿ ಲಂಗರುಗಳ ಚರ್ಚೆಗೆ ಮುನ್ನ ಅದನ್ನು ಅಳಿಸಿ ಮೇಲಂತಸ್ತಿಗೆ ಬರೆಯಿರೆಂದು ಬೇಡಿಕೊಳ್ಳುತ್ತೇನೆ.