ಹಳೆ ಕಾರು ಕೊಳ್ಳುವಾಗ ಓದಬೇಕಾದ ಕಾಗದಗಳು

(ಅಕ್ಕಲಕೋಟ ತಾಲೂಕಿನ ಕಲಿಕಾ ಕೇಂದ್ರವೊಂದರಲ್ಲಿ ಮಾಡಿದ ಭಾಷಣ)



ಈ ತಿಂಗಳ ಮಾತಿಗೆ ವಿಷಯ ಕೊಟ್ಟವರು ನೀವೇ. “ಸೋಲಾಪುರದಾಗ, ವಿಜಯಪುರದಾಗ ಶೋರೂಮಿನವರೇ ಹಳೆ ಕಾರು ಮಾರತಾರ. ಸರ್ಟಿಫಿಕೇಟ್ ಬ್ಯಾರೆ ಕೊಡತಾರ. ತಗೋಬಹುದೇನ್ರಿ?” ಎಂದು ಕೇಳಿದ್ದಿರಿ. ತಗೋಬಹುದು. ಆದರೆ ಆ ಸರ್ಟಿಫಿಕೇಟ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಓದಿ ತಿಳಿದು ತಗೋಬೇಕು. ಅದನ್ನೇ ಇವತ್ತು ನೋಡೋಣ.

ಮೊದಲು ಹಳೆ ಕಾರು ಕೊಳ್ಳುವುದೆಂದರೆ ಪರಿಚಯದವರಿಂದ, ಇಲ್ಲವೆ ಏಜೆಂಟರ ಮೂಲಕ. ಮಾರುತಿ ಕಂಪನಿ 2001ರಲ್ಲಿ ‘ಟ್ರೂ ವ್ಯಾಲ್ಯೂ’ ಎಂಬ ಹೆಸರಿನಲ್ಲಿ ಹಳೆ ಕಾರು ಮಾರಲು ಶುರು ಮಾಡಿತು. ಮುಂದೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಇಲ್ಲಿ ಕಾರನ್ನು ಒಂದು ಪಟ್ಟಿ ಹಿಡಿದು ತಪಾಸಣೆ ಮಾಡುತ್ತಾರೆ. ಇಂಜಿನ್, ಗೇರು, ಬ್ರೇಕು, ದೀಪ, ಟೈರು ಎಲ್ಲ ನೋಡಿ, ಬೇಕಾದಲ್ಲಿ ರಿಪೇರಿ ಮಾಡಿ, ಕೆಲವು ತಿಂಗಳಿನಿಂದ ಒಂದು ವರ್ಷದವರೆಗೆ ವಾರಂಟಿ ಕೊಡುತ್ತಾರೆ. ಇದಕ್ಕೇ ‘ಸರ್ಟಿಫೈಡ್’ ಕಾರು ಎನ್ನುವುದು.

ಹಳೆ ಕಾರು ಕೊಳ್ಳುವಾಗ ಎರಡು ಪ್ರಶ್ನೆ ಕೇಳಬೇಕು. ಒಂದು, “ಗಾಡಿ ಚಲೋ ಐತೇನು?” ಎರಡು, “ಗಾಡಿ ನಂದು ಆಗತೈತೇನು?” ಶೋರೂಮಿನ ಸರ್ಟಿಫಿಕೇಟ್ ಮೊದಲನೇ ಪ್ರಶ್ನೆಗೆ ಮಾತ್ರ ಉತ್ತರ. ಎರಡನೆಯದಕ್ಕೆ ಉತ್ತರ ಇರುವುದು ಸರಕಾರದ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ. ಬಹಳ ಮಂದಿ ಮೊದಲನೆಯದನ್ನು ನೋಡಿ ಎರಡನೆಯದನ್ನು ಬಿಡುತ್ತಾರೆ. ತೊಂದರೆ ಹುಟ್ಟುವುದು ಅಲ್ಲೇ.

ಗಾಡಿ ಚಲೋ ಇದೆಯೇ?

ತಪಾಸಣೆ ಪಟ್ಟಿಯ ಪ್ರತಿ ಕೇಳಿ ತಗೊಳ್ಳಿ. “ಎಲ್ಲಾ ಓಕೆ ಐತ್ರಿ” ಎಂಬ ಬಾಯಿಮಾತು ಸಾಲದು. ವಾರಂಟಿ ಕಾಗದವನ್ನೂ ಓದಿ. ಎಷ್ಟು ತಿಂಗಳು, ಎಷ್ಟು ಕಿಲೋಮೀಟರು, ಯಾವ ಯಾವ ಭಾಗಕ್ಕೆ ಎಂದು ಬರೆದಿರುತ್ತದೆ. ಸಾಮಾನ್ಯವಾಗಿ ಇಂಜಿನ್ ಮತ್ತು ಗೇರ್‌ಬಾಕ್ಸಿಗೆ ಇರುತ್ತದೆ. ಟೈರು, ಬ್ಯಾಟರಿ, ಕ್ಲಚ್ಚು, ಬ್ರೇಕಿನಂಥ ಸವೆಯುವ ಭಾಗಗಳಿಗೆ ಇರುವುದಿಲ್ಲ. ಸರ್ವಿಸ್ ತಪ್ಪಿಸಿದರೆ ವಾರಂಟಿ ಹೋಗುತ್ತದೆಯೇ ಎಂಬುದನ್ನೂ ನೋಡಿ.

ಅಂಕಿ ಕಲಿತವರಿಗೆ ಟೈರಿನ ಮೇಲೂ ಒಂದು ಪಾಠ ಇದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ 2019ನೇ ವರ್ಷದ 23ನೇ ವಾರ ತಯಾರಾದ ಟೈರು ಎಂದರ್ಥ. ಈಗ ಮೀಟರು ನೋಡಿ. ಗಾಡಿ 2019ರದು, ಮೀಟರಿನಲ್ಲಿ ಬರೀ 18,000 ಕಿಲೋಮೀಟರು, ಆದರೆ ನಾಲ್ಕೂ ಟೈರು 2023ರವು. ಅಷ್ಟು ಕಡಿಮೆ ಓಡಿದ ಗಾಡಿಗೆ ನಾಲ್ಕೂ ಟೈರು ಯಾಕೆ ಬದಲಾದವು ಎಂದು ಕೇಳಬೇಕು. ಮೀಟರನ್ನು ಹಿಂದಕ್ಕೆ ತಿರುಗಿಸುವವರು ಇದ್ದಾರೆ. ಅದಕ್ಕೇ ಸರ್ವಿಸ್ ಪುಸ್ತಕ ಕೇಳಿ. ಪ್ರತಿ ಸರ್ವಿಸಿಗೂ ತಾರೀಖು, ಕಿಲೋಮೀಟರು ಬರೆದಿರುತ್ತದೆ. ಅಂಕಿ ಏರುತ್ತಾ ಹೋಗಬೇಕು, ಎಲ್ಲಿಯೂ ಇಳಿಯಬಾರದು.

ಕೊಳ್ಳುವ ಮೊದಲು ಗಾಡಿ ಓಡಿಸಿ ನೋಡಿ. ನಿಮಗೆ ಪರಿಚಯದ ಮೇಸ್ತ್ರಿಯನ್ನು ಜೊತೆಗೆ ಕರಕೊಂಡು ಹೋಗಿ. ಅವನಿಗೆ ಕೊಡುವ ಐನೂರು, ಸಾವಿರ ದಂಡವಲ್ಲ.

ಗಾಡಿ ನಮ್ಮದಾಗುತ್ತದೆಯೇ?

ಆರ್‌ಸಿ ಕೈಗೆ ತಗೊಂಡು ಐದು ಸಂಗತಿ ಓದಿ.

1. ಮಾಲೀಕರ ಹೆಸರು. ಕೊಳ್ಳುವ ನೀವು ಎಷ್ಟನೇ ಮಾಲೀಕರಾಗುತ್ತೀರಿ ಎಂಬುದೂ ಗೊತ್ತಿರಲಿ.

2. ಗಾಡಿ ತಯಾರಾದ ತಿಂಗಳು, ವರ್ಷ. ಮಾರುವವರು ಬಾಯಿಂದ ಹೇಳಿದ ವರ್ಷವೂ ಆರ್‌ಸಿಯ ವರ್ಷವೂ ಒಂದೇ ಇರಬೇಕು.

3. ಚಾಸಿ ನಂಬರು. ಹದಿನೇಳು ಅಕ್ಷರ-ಅಂಕಿಗಳ ಈ ನಂಬರನ್ನು ಗಾಡಿಯ ಕಬ್ಬಿಣದ ಮೇಲೂ ಕೊರೆದಿರುತ್ತಾರೆ. ಕೆಲವು ಗಾಡಿಗಳಲ್ಲಿ ಬಾನೆಟ್ಟಿನ ಒಳಗೆ, ಕೆಲವುಗಳಲ್ಲಿ ಮುಂದಿನ ಸೀಟಿನ ಕೆಳಗೆ ಇರುತ್ತದೆ. ಎರಡನ್ನೂ ಬೆರಳಿಟ್ಟು ಒಂದೊಂದಾಗಿ ಹೋಲಿಸಿ.

4. ಸಾಲದ ಗುರುತು. ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರು ಆರ್‌ಸಿಯಲ್ಲಿ ಇದ್ದರೆ ಗಾಡಿ ಇನ್ನೂ ಅವರಲ್ಲಿ ಅಡವಿದೆ ಎಂದರ್ಥ. ಸಾಲ ತೀರಿದೆ ಎಂಬ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಬೇಕು.

5. ನೋಂದಣಿಯ ಅವಧಿ. ಖಾಸಗಿ ಕಾರಿಗೆ 15 ವರ್ಷ. ಆಮೇಲೆ ಐದೈದು ವರ್ಷಕ್ಕೆ ಹೊಸದು ಮಾಡಿಸಬೇಕು.

ಇವುಗಳಲ್ಲಿ ಹಲವನ್ನು ಸರಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರು ಹಾಕಿ ಮೊಬೈಲಿನಲ್ಲೇ ನೋಡಬಹುದು. ಆರ್‌ಸಿ ಕಾಗದ ಒಂದು ಹೇಳಿ, ಆ್ಯಪು ಇನ್ನೊಂದು ಹೇಳಿದರೆ ಮುಂಗಡ ಕೊಡಬೇಡಿ.

ಗಡಿ ದಾಟಿ ಬರುವ ಗಾಡಿ

ಈಗ ನಮ್ಮ ಸೀಮೆಯ ಮಾತು. ನಮಗೆ ಇಂಡಿ, ಅಫಜಲಪುರ, ಆಳಂದ ನೆರೆಯೂರು ಇದ್ದ ಹಾಗೆ. ಮಾತು ಒಂದೇ, ಬೀಗತನವೂ ಇದೆ. ಹೀಗಾಗಿ ವಿಜಯಪುರ, ಕಲಬುರಗಿಯಿಂದ ಕೆಎ 28, ಕೆಎ 32 ನಂಬರಿನ ಗಾಡಿ ತರುವವರು ಉಂಟು. ಮಾತಿಗೆ ಗಡಿ ಇಲ್ಲ, ಆದರೆ ಗಾಡಿಯ ತೆರಿಗೆಗೆ ಗಡಿ ಇದೆ.

ಕರ್ನಾಟಕದ ಗಾಡಿಯನ್ನು ಎಂಎಚ್ 13ಕ್ಕೆ ತರಬೇಕಾದರೆ ಮೊದಲು ಅಲ್ಲಿಯ ಆರ್‌ಟಿಓ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಜನ ಇದಕ್ಕೆ ‘ಎನ್‌ಓಸಿ’ ಎನ್ನುತ್ತಾರೆ. ಅದರ ಅರ್ಜಿಯೇ ಫಾರ್ಮ್ 28. ಆಮೇಲೆ ಸೋಲಾಪುರದ ಕಚೇರಿಯಲ್ಲಿ ಹೆಸರು ಬದಲಾವಣೆ, ಹೊಸ ನಂಬರು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ಮಾಡಿಸಲೇಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಕರ್ನಾಟಕದಲ್ಲಿ ಒಮ್ಮೆ ತೆರಿಗೆ ಕಟ್ಟಿದ್ದರೂ ಮಹಾರಾಷ್ಟ್ರದ ತೆರಿಗೆ ಬೇರೆ ಕಟ್ಟಬೇಕು. ಕರ್ನಾಟಕದಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯ ಪಾಲನ್ನು ವಾಪಸು ಕೇಳುವ ಅವಕಾಶ ಇದೆ. ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕು.

ಆದ್ದರಿಂದ ಆಚೆಯ ಗಾಡಿ “ಮೂವತ್ತು ಸಾವಿರ ಕಡಿಮಿ” ಎಂದು ಹಿಗ್ಗುವ ಮೊದಲು ತೆರಿಗೆ, ಎನ್‌ಓಸಿ, ಓಡಾಟ ಎಲ್ಲ ಕೂಡಿಸಿ ಲೆಕ್ಕ ಹಾಕಿ. ಎನ್‌ಓಸಿ ಯಾರು ತರಿಸಬೇಕು, ಎಷ್ಟು ದಿನದಲ್ಲಿ, ಖರ್ಚು ಯಾರದು ಎಂಬುದನ್ನು ಶೋರೂಮಿನವರಿಂದ ಬರವಣಿಗೆಯಲ್ಲಿ ತಗೊಳ್ಳಿ.

ಖಾಲಿ ಫಾರ್ಮಿಗೆ ಸಹಿ ಬೇಡ

ಹೆಸರು ಬದಲಾವಣೆಗೆ ಮುಖ್ಯವಾದವು ಎರಡು ಫಾರ್ಮು. 29 ಮತ್ತು 30. ಮಾರುವವರು 14 ದಿನದೊಳಗೆ, ಬೇರೆ ರಾಜ್ಯಕ್ಕೆ ಮಾರಿದ್ದರೆ 45 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಕೊಳ್ಳುವವರಿಗೆ 30 ದಿನ. ಆದರೆ ಎಷ್ಟೋ ಕಡೆ ನಡೆಯುವುದೇನು? “ಇಲ್ಲಿ ಒಂದ್ ಸಹಿ ಮಾಡ್ರಿ, ಉಳಿದದ್ದು ನಾವು ತುಂಬ್ಕೋತೀವಿ” ಎನ್ನುತ್ತಾರೆ. ಖಾಲಿ ಫಾರ್ಮಿಗೆ ಸಹಿ ಬೀಳುತ್ತದೆ. ಗಾಡಿ ಕೈಯಿಂದ ಕೈಗೆ ಹೋಗುತ್ತದೆ, ಹೆಸರು ಮಾತ್ರ ಹಳಬರದೇ ಉಳಿಯುತ್ತದೆ.

ಇದರ ಫಲ ಏನು? 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆ ಗಾಡಿ ಹಲವರ ಕೈ ದಾಟಿತ್ತು. ಅಪಘಾತವಾದಾಗ ಗಾಡಿಗೆ ವಿಮೆ ಇರಲಿಲ್ಲ. ಪರಿಹಾರ ಕೊಡುವ ಹೊಣೆ ಯಾರದು? ಕಚೇರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರದೇ ಎಂದು ಕೋರ್ಟು ಹೇಳಿತು. ನೀವು ಹಳೆ ಗಾಡಿ ಶೋರೂಮಿಗೆ ಕೊಟ್ಟು ಬೇರೆಯದನ್ನು ತರುವವರಾದರೆ ಈ ಮಾತು ಎರಡು ಸಲ ಓದಿ. ಗಾಡಿ ಕೊಟ್ಟ ಮಾತ್ರಕ್ಕೆ ಹೊಣೆ ಹೋಗುವುದಿಲ್ಲ.

2023ರ ಏಪ್ರಿಲ್ 1ರಿಂದ ಇದಕ್ಕೊಂದು ನಿಯಮ ಜಾರಿಗೆ ಬಂದಿದೆ. ಹಳೆ ಗಾಡಿ ಮಾರುವ ವ್ಯಾಪಾರಿ ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆದಿರಬೇಕು. ಅಂಥವರಿಗೆ ನೀವು ಗಾಡಿ ಒಪ್ಪಿಸಿದಾಗ ಫಾರ್ಮ್ 29ಸಿ ಮೂಲಕ ಕಚೇರಿಗೆ ತಿಳಿಸಬೇಕು. ಆಮೇಲೆ ಆ ಗಾಡಿಯ ಹೊಣೆ ವ್ಯಾಪಾರಿಯದು. “ನಿಮ್ಮ ಅಧಿಕಾರ ಪತ್ರ ತೋರಿಸ್ರಿ” ಎಂದು ಕೇಳುವುದಕ್ಕೆ ಸಂಕೋಚ ಬೇಡ. ಲಕ್ಷಗಟ್ಟಲೆ ಹಣ ಕೊಡುವವರು ನೀವು.

ವಿಮೆಯನ್ನೂ ಮರೆಯಬೇಡಿ. ಗಾಡಿ ಕೊಂಡ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಕೊಡಿ ಎಂದು ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಇಲ್ಲದಿದ್ದರೆ ನಿಮ್ಮ ಗಾಡಿಗೆ ಆದ ಹಾನಿಯ ಹಣ ಕೇಳುವಾಗ ತಕರಾರು ಬರುತ್ತದೆ.

ಸಾಲದ ಲೆಕ್ಕ

ಶೋರೂಮಿನಲ್ಲೇ ಸಾಲ ಮಾಡಿಸಿಕೊಡುತ್ತಾರೆ. “ನೂರಕ್ಕ ಹದಿನಾಲ್ಕು” ಎಂದರೆ, “ಫ್ಲ್ಯಾಟ್ ಏನು, ಇಳಿಯೋ ಬಾಕಿ ಮ್ಯಾಲೇನು?” ಎಂದು ಕೇಳಿ. ಎರಡೂವರೆ ಲಕ್ಷ ಸಾಲ, ಮೂರು ವರ್ಷ ಎಂದು ಹಿಡಿಯೋಣ. ಫ್ಲ್ಯಾಟ್ ಲೆಕ್ಕದಲ್ಲಿ ವರ್ಷಕ್ಕೆ 35,000, ಮೂರು ವರ್ಷಕ್ಕೆ 1,05,000 ರೂಪಾಯಿ ಬಡ್ಡಿ. ಕಂತು ಕಟ್ಟಿದಂತೆ ಇಳಿಯುವ ಬಾಕಿಯ ಮೇಲಾದರೆ ಬಡ್ಡಿ ಸುಮಾರು 57,600. ಎರಡಕ್ಕೂ ಹೆಸರು ನೂರಕ್ಕೆ ಹದಿನಾಲ್ಕೇ. ವ್ಯತ್ಯಾಸ ಮಾತ್ರ 47,000 ರೂಪಾಯಿಗೂ ಮೇಲೆ.

ಮೋಸವಾದರೆ

ಮುಂಗಡಕ್ಕೂ ರಸೀದಿ, ಪೂರ್ತಿ ಹಣಕ್ಕೂ ಬಿಲ್ಲು ಇಟ್ಟುಕೊಳ್ಳಿ. ಕೊಟ್ಟ ಮಾತಿಗೆ ಶೋರೂಮು ತಪ್ಪಿದರೆ 1915ಕ್ಕೆ ಫೋನು ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ತೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. 2019ರ ಗ್ರಾಹಕ ಕಾಯ್ದೆ ನಮ್ಮಂಥ ಗಡಿಯವರಿಗೆ ಒಂದು ಒಳ್ಳೆಯ ಅನುಕೂಲ ಮಾಡಿದೆ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಗಾಡಿ ಕೊಂಡದ್ದು ವಿಜಯಪುರದಲ್ಲಾದರೂ ದೂರು ಸೋಲಾಪುರದಲ್ಲಿ ನಡೆಯುತ್ತದೆ. ಕೊಟ್ಟ ಬೆಲೆ ಐದು ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಆದರೆ ಅಲ್ಲಿ ಕೇಳುವುದು ಕಾಗದವನ್ನೇ. ಬಾಯಿಮಾತಿಗೆ ಸಾಕ್ಷಿ ಎಲ್ಲಿಂದ ತರುವುದು?

ಒಂದು ಮಾತು ಉಳಿದಿದೆ. ಇಲ್ಲಿ ಆರ್‌ಟಿಓ ಫಾರ್ಮು ಮರಾಠಿ ಇಲ್ಲವೆ ಇಂಗ್ಲಿಷಿನಲ್ಲಿ ಇರುತ್ತವೆ. ಕನ್ನಡ ಮಾತ್ರ ಕಲಿತ ನಮಗೆ ಅದು ಹೇಗೆ ಎಂದು ಅಂಜಬೇಡಿ. ಅಂಕಿ ಎಲ್ಲ ಭಾಷೆಯವರಿಗೂ ಬೇಕು. ಫಾರ್ಮಿನ ನಂಬರು, ಚಾಸಿ ನಂಬರು, ತಾರೀಖು, ಹಣ, ಇವಿಷ್ಟನ್ನು ನೀವೇ ಓದಬಲ್ಲಿರಿ. ಉಳಿದದ್ದನ್ನು ಶಾಲೆಗೆ ಹೋಗುವ ಮಗ ಅಥವಾ ಮಗಳಿಂದ ಓದಿಸಿ, ಅರ್ಥ ಕೇಳಿ, ಆಮೇಲೆ ಸಹಿ ಮಾಡಿ. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಇಂದು ಸಹಿ ಮಾಡುತ್ತಿದೆ. ಓದದೆ ಮಾಡಿದ ಸಹಿಗೂ ಹೆಬ್ಬೆಟ್ಟಿಗೂ ಏನು ಫರಕು?

ಮುಂದಿನ ವಾರ ಮನೆಯಲ್ಲಿ ಸೈಕಲ್‌ಮೋಟಾರು ಇರುವವರು ಅದರ ಆರ್‌ಸಿ ತನ್ನಿರಿ. ಇಲ್ಲೇ ಕೂತು ಎಲ್ಲರೂ ಓದೋಣ. ಹೆಸರು ಯಾರದು ಇದೆ ಎಂದು ನೋಡೋಣ.